ದೀಪಾವಳಿಗೆ ನಾಲ್ಕು ದಿನ ರಜೆ, ಹಬ್ಬ ಭರ್ಜರಿ, ಫುಟ್‌ಬಾಲ್ ಮಾತ್ರ ಪೂರ್ತಿ ಕೈಕೊಟ್ಟಿತು

ವಿದ್ಯಾನಗರ_ನೀಲಿ (ಸೋಮವಾರ, 4 ನವೆಂಬರ್ 2024)

ಗುರುವಾರ ನರಕ ಚತುರ್ದಶಿ, ಶುಕ್ರವಾರ ರಾಜ್ಯೋತ್ಸವ, ಶನಿವಾರ ಪಾಡ್ಯ, ಮೇಲೆ ಭಾನುವಾರ. ಇಂಥ ರಜೆ ಮತ್ತೆ ಯಾವಾಗ ಸಿಗುತ್ತೋ. ಹಬ್ಬ ಚೆನ್ನಾಗಿ ಆಯಿತು, ಅದರಲ್ಲಿ ತಕರಾರಿಲ್ಲ. ಈ ಸಲ ಅಮಾವಾಸ್ಯೆ ಎರಡು ದಿನ ಹಂಚಿಕೊಂಡು ಬಂದಿತ್ತು. ಹುಬ್ಬಳ್ಳಿ ಪೇಟೆಯಲ್ಲಿ ಕೆಲವರು ಗುರುವಾರ ಲಕ್ಷ್ಮೀಪೂಜೆ ಮಾಡಿದರು, ಕೆಲವರು ಶುಕ್ರವಾರ. ನಮ್ಮ ಅಂಗಡಿಯದು ಶುಕ್ರವಾರ. ಹೊರಗೆ ಹಳದಿ-ಕೆಂಪು ಬಾವುಟ, ಒಳಗೆ ಬಾಳೆಕಂಬ, ಚೆಂಡುಹೂವು, ಕರ್ಚಿಕಾಯಿ, ಶಂಕರಪೋಳಿ. ದಾಜಿಬಾನಪೇಟೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ.

ಆಮೇಲೆ ಶನಿವಾರ ಬಂತು. ಸಂಜೆ ಆರಕ್ಕೆ ಇಂಗ್ಲೆಂಡಿನ ಲೀಗ್‌ನಲ್ಲಿ ನಮ್ಮ ಆರ್ಸೆನಲ್ ಆಟ, ನ್ಯೂಕಾಸಲ್‌ನಲ್ಲಿ. ಹನ್ನೆರಡನೇ ನಿಮಿಷಕ್ಕೆ ಅವರ ಗಾರ್ಡನ್ ಕ್ರಾಸ್, ಇಸಾಕ್ ಹೆಡರ್, ಗೋಲು. ಉಳಿದ ಹೊತ್ತೆಲ್ಲ ನಮ್ಮವರು ಚೆಂಡು ಆ ಕಡೆ ಈ ಕಡೆ ತಳ್ಳುತ್ತಾ ಕಳೆದರು. ಕೊನೆಗೆ ರೈಸ್‌ಗೆ ಒಂದು ಹೆಡರ್ ಸಿಕ್ಕಿತು, ಅದೂ ಹೊರಗೆ. 1-0. ಅದೇ ದಿನ ನಮ್ಮ ದೇಶದ ಐಎಸ್‌ಎಲ್ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ, ಗೋವಾದ ಫಟೋರ್ಡಾ ಮೈದಾನದಲ್ಲಿ ಎಫ್‌ಸಿ ಗೋವಾ ಕೈಯಲ್ಲಿ 3-0 ಸೋತಿತು. ಇಡೀ ಸೀಸನ್‌ನಲ್ಲಿ ಒಂದೂ ಸೋಲದೆ ಬಂದಿದ್ದ ತಂಡ ಹಬ್ಬದ ದಿನವೇ ಹೀಗೆ ಸೋಲಬೇಕಾ?

ಮನೆ ತುಂಬ ನೆಂಟರಿದ್ದರು. ಆದರೆ ಯಾರಿಗೂ ಇದರ ಗೊಡವೆ ಇಲ್ಲ. ನಾನು ಒಳಗಿನ ಕೋಣೆಯಲ್ಲಿ ಮೊಬೈಲ್ ಹಿಡಿದುಕೊಂಡು ಒಬ್ಬನೇ ಕೂತಿದ್ದೆ. ಗೆದ್ದರೂ ಒಬ್ಬನೇ, ಸೋತರೂ ಒಬ್ಬನೇ. ನನಗೆ ಸೋಲಿಗಿಂತ ಬೇಸರ ಆಗಿದ್ದು ಅದೇ. ಅವಳಿ ನಗರದಲ್ಲಿ, ಗದಗ-ಹಾವೇರಿಯಲ್ಲಿ ಇಷ್ಟು ಜನ ಫುಟ್‌ಬಾಲ್ ನೋಡುತ್ತೇವೆ, ಯಾಕೆ ಎಲ್ಲರೂ ಒಬ್ಬೊಬ್ಬರೇ ನೋಡುತ್ತೇವೆ? ಫಟೋರ್ಡಾ ನಮಗೆ ಬೆಂಗಳೂರಿನ ಕಂಠೀರವಕ್ಕಿಂತ ಎಷ್ಟೋ ಹತ್ತಿರ. ನಿನ್ನೆ-ಮೊನ್ನೆ ಯಾರಾದರೂ ಹೋಗಿದ್ದಿರಾ? ನಿಮ್ಮ ಹಬ್ಬದ ರಜೆ ಹೇಗಿತ್ತು, ಬರೆಯಿರಿ.

ಸಾಧನಕೇರಿ_ಗನ್ನರ್

ಅಣ್ಣಾ, ಅದೇ ಕೋಣೆ ಅದೇ ಮೊಬೈಲ್ ನಮ್ಮ ಮನೆಯಲ್ಲೂ. ಆರ್ಸೆನಲ್ ಬಗ್ಗೆ ಸಿಟ್ಟು ತಡೆಯೋಕೆ ಆಗ್ತಿಲ್ಲ. ನಾಯಕ ಒಡೆಗಾರ್ಡ್ ಇಲ್ಲ ಅಂದ ಕೂಡಲೇ ಮಧ್ಯದಿಂದ ಮುಂದಕ್ಕೆ ಒಂದು ಪಾಸ್ ಹೋಗಲ್ಲ. ಎರಡು ವಾರದ ಹಿಂದೆ ಬೋರ್ನ್‌ಮತ್‌ನಲ್ಲಿ 2-0 ಸೋತೆವು, ಆಮೇಲೆ ಲಿವರ್‌ಪೂಲ್ ಜೊತೆ 2-2, ಈಗ ಇದು. ಹತ್ತು ಆಟಕ್ಕೆ 18 ಅಂಕ. ಮೇಲಿನವರಿಗಿಂತ ಏಳು ಹಿಂದೆ. ನವೆಂಬರ್ ಮೊದಲ ವಾರಕ್ಕೇ ಹೀಗೆ ಲೆಕ್ಕ ಹಾಕುವ ಪರಿಸ್ಥಿತಿ.

ಬೆಟಗೇರಿ_ಕಾಪ್

ಆ ಮೇಲಿನವರು ನಾವೇ, ಲಿವರ್‌ಪೂಲ್. ಗದಗಿನಿಂದ ಹಬ್ಬದ ಶುಭಾಶಯ.

ನಮಗೂ ಸುಲಭ ಇರಲಿಲ್ಲ ರೀ. ಬ್ರೈಟನ್‌ನ ಕದಿಯೋಗ್ಲು ಹದಿನಾಲ್ಕನೇ ನಿಮಿಷಕ್ಕೇ ಹೊಡೆದ. ಅರ್ಧ ಆಟ ನಮ್ಮವರು ನಿದ್ದೆಯಲ್ಲಿದ್ದರು. 69ನೇ ನಿಮಿಷಕ್ಕೆ ಗಾಕ್ಪೋ ಒಳಗೆ ಕಳಿಸಿದ ಚೆಂಡು ಯಾರಿಗೂ ತಾಗದೆ ಸೀದಾ ಬಲೆಗೆ. ಮೂರು ನಿಮಿಷ ಆದಮೇಲೆ ಸಲಾಹ್ ತನ್ನ ಮಾಮೂಲಿ ಎಡಗಾಲಿನಲ್ಲಿ ತಿರುಗಿಸಿ ಹೊಡೆದ. ಅದೇ ಹೊತ್ತಿಗೆ ಬೋರ್ನ್‌ಮತ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಸೋಲ್ತಾ ಇತ್ತು. ಪಾಡ್ಯದ ರಾತ್ರಿ ಟೇಬಲ್ ಮೇಲೆ ಮೊದಲ ಸ್ಥಾನ. ಹೊರಗೆ ಸರ ಪಟಾಕಿ ಹಚ್ಚಿದ್ದು ನಾನೇ, ಅಕ್ಕಪಕ್ಕದವರು ಹಬ್ಬಕ್ಕೆ ಅಂದುಕೊಂಡರು.

ನವನಗರ_ಸ್ಕೈಬ್ಲೂ

ಸಿಟಿ ವಿಷಯ ಎತ್ತಬೇಡಿ ದಯವಿಟ್ಟು. ಕಳೆದ ಸೀಸನ್‌ನಿಂದ ಒಂದೂ ಸೋತಿರಲಿಲ್ಲ. ಸೆಮೆನ್ಯೋ, ಎವನಿಲ್ಸನ್ ಇಬ್ಬರೂ ಸೇರಿ ಮುಗಿಸಿದರು.

ಸಪ್ತಾಪುರ_ರೆಡ್

@ನವನಗರ_ಸ್ಕೈಬ್ಲೂ ಲೀಗ್‌ನಲ್ಲಿ ಸೋತಿರಲಿಲ್ಲ ಅಂತ ಬರೆಯಿರಿ. ಬುಧವಾರ ತಾನೇ ಲೀಗ್ ಕಪ್‌ನಲ್ಲಿ ಟಾಟನ್‌ಹ್ಯಾಮ್ ಕೈಯಲ್ಲಿ 2-1 ಸೋತಿದ್ದೀರಿ. ಲೀಗ್‌ನಲ್ಲಿ ಸತತ 32 ಆಟ ಸೋಲಿಲ್ಲದೆ ಬಂದಿದ್ದಿರಿ, ಅದು ಶನಿವಾರಕ್ಕೆ ಮುಗಿಯಿತು. ಬೋರ್ನ್‌ಮತ್ ಸಿಟಿಯನ್ನು ಸೋಲಿಸಿದ್ದು ಇದೇ ಮೊದಲು, ಅದನ್ನೂ ಸೇರಿಸಿ.

ನವನಗರ_ಸ್ಕೈಬ್ಲೂ

ಮಧ್ಯದಲ್ಲಿ ಆಡೋ ರೋಡ್ರಿ ಮೊಣಕಾಲು ಹೋದ ದಿನವೇ ನಮ್ಮ ಸೀಸನ್ ಅರ್ಧ ಹೋಯಿತು. ಹೋದ ಸೋಮವಾರ ಪ್ಯಾರಿಸ್‌ನಲ್ಲಿ ಊರುಗೋಲು ಹಿಡಿದುಕೊಂಡು ಬಂದು ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಬ್ಯಾಲನ್ ಡಿ'ಓರ್ ತಗೊಂಡ. ಅದನ್ನು ನೋಡಿ ಖುಷಿನೂ ಆಯಿತು, ಹೊಟ್ಟೆನೂ ಉರಿಯಿತು. ಆ ಜಾಗದಲ್ಲಿ ನಿಲ್ಲೋ ಇನ್ನೊಬ್ಬ ನಮ್ಮ ತಂಡದಲ್ಲಿ ಇಲ್ಲ.

ಕೇಶ್ವಾಪುರ_11

ನಾನು ಫಟೋರ್ಡಾದಲ್ಲಿದ್ದೆ. ಸ್ವಲ್ಪ ಉದ್ದ ಬರೀತೀನಿ, ಓದಿ.

ಪಾಡ್ಯದ ದಿನ ಮನೆ ಬಿಟ್ಟು ಹೋಗ್ತೀನಿ ಅಂದಾಗ ಅವ್ವ ಒಪ್ಪಲಿಲ್ಲ. ಬೆಳಿಗ್ಗೆ ಎಣ್ಣೆಸ್ನಾನ, ಪೂಜೆ, ಊಟ ಎಲ್ಲಾ ಮುಗಿಸಿಯೇ ಹೊರಡು ಅಂದಳು. ಹೋಳಿಗೆ ಕಟ್ಟಿಸಿಕೊಂಡು ಗೆಳೆಯನ ಕಾರಿನಲ್ಲಿ ಹೊರಟೆವು. ಧಾರವಾಡ ದಾಟಿ ಅಳ್ನಾವರ, ಲೋಂಡಾ, ರಾಮನಗರ, ಅನಮೋಡ ಘಾಟ್, ಆಮೇಲೆ ಮೊಲೆಂ, ಫೋಂಡಾ, ಮಡಗಾಂವ್. ಘಾಟ್‌ನಲ್ಲಿ ರಸ್ತೆ ಕೆಟ್ಟಿದೆ, ನಿಧಾನ ಹೋಗಬೇಕು. ಆದರೂ ಬೆಂಗಳೂರಿಗೆ ಹೋಗೋ ದೂರದ ಅರ್ಧವೂ ಆಗಲ್ಲ. ಬಸ್ಸಿನಲ್ಲಿ ಹೋಗೋರಿಗೆ ಇನ್ನೂ ಒಳ್ಳೆಯದು, ಮಡಗಾಂವಿನ ಕದಂಬ ಬಸ್ ನಿಲ್ದಾಣದಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು.

ಮೊದಲರ್ಧ ಸೊನ್ನೆ-ಸೊನ್ನೆ. ನಮ್ಮವರು ಚೆನ್ನಾಗೇ ಹಿಡಿದಿದ್ದರು. ಎರಡನೇ ಅರ್ಧದಲ್ಲಿ ಗೋವಾದ ಸಾದಿಕು ಹೊಡೆದ, ಹತ್ತು ನಿಮಿಷದೊಳಗೆ ಬ್ರೈಸನ್ ಫರ್ನಾಂಡಿಸ್ ಇನ್ನೊಂದು, ಕೊನೆಗೆ ಡ್ರಾಜಿಚ್. ಮೊದಲ ಗೋಲು ಆದಮೇಲೆ ನಮ್ಮವರು ಸಮ ಮಾಡೋಕೆ ಅಂತ ಎಲ್ಲರೂ ಮುಂದೆ ಹೋದರು, ಹಿಂದೆ ಬಯಲು. ಗೋವಾಕ್ಕೆ ಬೇಕಾಗಿದ್ದೂ ಅದೇ.

ಮರೆಯದ ವಿಷಯ ಒಂದಿದೆ. ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದವರು ರೋಣದ ಕಡೆಯವರು. ಎಷ್ಟೋ ವರ್ಷದಿಂದ ಮಡಗಾಂವಿನಲ್ಲಿ ಕೆಲಸ. ಗೋವಾದ ಕಿತ್ತಳೆ ಜರ್ಸಿ ಹಾಕಿದ್ದರು, ರೆಫರಿಗೆ ಬೈದಿದ್ದೆಲ್ಲ ಗದಗಿನ ಕನ್ನಡದಲ್ಲಿ. ಆಟ ಮುಗಿದ ಮೇಲೆ ನಮ್ಮ ನೀಲಿ ಜರ್ಸಿ ನೋಡಿ ಕರೆದು ಕೂರಿಸಿಕೊಂಡು ಚಹಾ ಕುಡಿಸಿದರು. ನಮ್ಮ ಡಬ್ಬಿಯ ಹೋಳಿಗೆ ಅವರಿಗೆ ಕೊಟ್ಟೆವು. ಹಬ್ಬಕ್ಕೆ ಊರಿಗೆ ಹೋಗೋಕೆ ರಜೆ ಸಿಕ್ಕಿರಲಿಲ್ಲ ಅವರಿಗೆ. 3-0 ಸೋತ ಸಂಕಟ ಅಲ್ಲಿಗೆ ಸ್ವಲ್ಪ ಇಳಿಯಿತು.

ವಿದ್ಯಾನಗರ_ನೀಲಿ

@ಕೇಶ್ವಾಪುರ_11 ಇದನ್ನು ಓದಿ ಹೊಟ್ಟೆಕಿಚ್ಚಾಯಿತು. ಮುಂದಿನ ಸಲ ಕಾರಿನಲ್ಲಿ ಒಂದು ಸೀಟು ನನಗೆ ಇಡಿ. ಸೀಸನ್ ಪೂರ್ತಿ ಒಂದೂ ಗೋಲು ಬಿಟ್ಟುಕೊಡದ ತಂಡ ಹೀಗೆ ಮೂರು ಹೊಡೆಸಿಕೊಂಡಿದ್ದು ನನಗೆ ಇನ್ನೂ ಅರಗಿಲ್ಲ.

ರಾಣೆಬೆನ್ನೂರು_ಮಿಡ್‌ಫೀಲ್ಡ್

ಒಂದು ಬಿಟ್ಟಿದ್ದರು. ಅಕ್ಟೋಬರ್ 25ಕ್ಕೆ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಒಂದು ಪೆನಾಲ್ಟಿ ಸಿಕ್ಕಿತ್ತು, ಜಿಮೆನೆಸ್ ಹಾಕಿದ. ಆ ಆಟ ನಾವು 3-1 ಗೆದ್ದೆವು. ಆರು ಆಟದಲ್ಲಿ ಐದು ಗೆಲುವು, ಮುಂಬೈ ಜೊತೆ ಒಂದು ಡ್ರಾ. ಹನ್ನೊಂದು ಗೋಲು ಹೊಡೆದು ಒಂದು ಬಿಟ್ಟುಕೊಟ್ಟಿದ್ದರು. ಮೋಹನ್ ಬಗಾನ್‌ಗೆ 3-0 ಹೊಡೆದ ತಂಡ ರೀ ಇದು! ಅಕಾಡೆಮಿಯಿಂದ ಬಂದ ವಿನೀತ್ ವೆಂಕಟೇಶ್ ಮೊದಲ ಆಟದಲ್ಲೇ ಈಸ್ಟ್ ಬೆಂಗಾಲ್ ಮೇಲೆ ಗೋಲು ಹಾಕಿದ. ಒಂದು ಸೋಲಿಗೆ ಇಷ್ಟು ಅಳಬೇಡಿ.

ರೈಲ್ವೆ_ಕಾಲೋನಿ_ಬ್ಯಾಕ್

ಸಾದಿಕು ಯಾರು ಅಂತ ಗೊತ್ತಾ ನಿಮಗೆಲ್ಲ? ಅಲ್ಬೇನಿಯಾದವನು. 2016ರ ಯೂರೋದಲ್ಲಿ ರೊಮೇನಿಯಾ ಮೇಲೆ ಗೋಲು ಹೊಡೆದ. ದೊಡ್ಡ ಟೂರ್ನಿಯಲ್ಲಿ ಅಲ್ಬೇನಿಯಾ ದೇಶದ ಮೊಟ್ಟಮೊದಲ ಗೋಲು ಅದು. ಅಂಥವನು ನಮ್ಮ ಹುಬ್ಬಳ್ಳಿಯಿಂದ ಅರ್ಧ ದಿನದ ದಾರಿಯಲ್ಲಿ ಆಡ್ತಾ ಇದ್ದಾನೆ. ಹೋಗಿ ನೋಡ್ರಿ ಅಂತೀನಿ, ಯಾವ ಟೀಮು ಅಂತ ಆಮೇಲೆ ಜಗಳ ಮಾಡಿ.

ನವಲಗುಂದ_ಹೊಲ

ಟೀಮು ಆಮೇಲೆ ಅಲ್ಲ, ಮೊದಲೇ ಹೇಳ್ತೀನಿ. ಗೋವಾಕ್ಕೆ ನಾನು ಚಪ್ಪಾಳೆ ತಟ್ಟಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ನಮಗೆ 13.42 ಟಿಎಂಸಿ ಅಂತ ಹೇಳಿತು. ಇವತ್ತಿಗೂ ಕಳಸಾ-ಬಂಡೂರಿ ನೀರು ಮಲಪ್ರಭೆಗೆ ಬಂದಿಲ್ಲ. ನಮ್ಮ ಕಡೆ ರೈತರು ವರ್ಷಗಟ್ಟಲೆ ಧರಣಿ ಕೂತವರು. ಹುಬ್ಬಳ್ಳಿ-ಧಾರವಾಡದ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಂದ ದಿನಗಳು ನಿಮಗೂ ನೆನಪಿರಬೇಕು. ಆಟ ಬೇರೆ ಅಂತೀರಿ, ನನಗೆ ಆ ಜರ್ಸಿ ನೋಡಿದರೆ ಅದೇ ನೆನಪಾಗುತ್ತೆ.

ಕೇಶ್ವಾಪುರ_11

ನಿಮ್ಮ ನೋವು ನಮಗೂ ಇದೆ, ನಮ್ಮ ಮನೆಯಲ್ಲೂ ಕೊಡ ಹಿಡಿದು ಕಾದವರೇ. ಆದರೆ ಬ್ರೈಸನ್ ಫರ್ನಾಂಡಿಸ್‌ಗೂ ನೀರಿಗೂ ಏನು ಸಂಬಂಧ? ನನಗೆ ಚಹಾ ಕೊಡಿಸಿದ್ದು ರೋಣದವರು, ಅವರದೂ ಅದೇ ಮಲಪ್ರಭೆ ದಂಡೆ. ಅಲ್ಲಿ ದುಡಿದು ಊರಿಗೆ ಹಣ ಕಳಿಸ್ತಾರೆ, ಸಂಜೆ ಆ ಊರಿನ ತಂಡಕ್ಕೆ ಕೂಗ್ತಾರೆ. ಅವರನ್ನು ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ.

ನವಲಗುಂದ_ಹೊಲ

ಅವರನ್ನು ತಪ್ಪು ಅಂತ ನಾನು ಹೇಳಿಲ್ಲ. ದುಡಿಯೋಕೆ ಹೋದವರ ಮಾತು ಬೇರೆ. ಇಲ್ಲಿ ಕೂತು ಗೋವಾ ಗೋವಾ ಅನ್ನೋರಿಗೆ ಹೇಳಿದ್ದು.

ಸಾಧನಕೇರಿ_ಗನ್ನರ್

ಇಲ್ಲಿ ಕೂತು ಲಂಡನ್ ಲಂಡನ್ ಅಂತಲೂ ಅಂತೀವಲ್ಲ. ತಂಡ ಆರಿಸಿಕೊಳ್ಳೋಕೆ ಜಿಲ್ಲೆ, ನದಿ ನೋಡಿದರೆ ನಮಗೆ ಯಾವ ತಂಡವೂ ಉಳಿಯಲ್ಲ. ನಮ್ಮ ಭಾಗಕ್ಕೆ ಅಂತ ಒಂದು ತಂಡ ಇಲ್ಲವೇ ಇಲ್ಲ, ನಿಜವಾದ ತೊಂದರೆ ಅದು.

ಕಳಸಾಪುರ_ಕೀಪರ್

ಗೋವಾ-ಕನ್ನಡ ಅಂದ ಮೇಲೆ ಕಟ್ಟಿಮನಿ ಹೆಸರು ಬರಬೇಕು. ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ. ಹೆಸರು ಕೇಳಿದರೆ ನಮ್ಮ ಓಣಿಯವನೇ ಅನ್ನಿಸುತ್ತೆ. ಗೋವಾದ ಹುಡುಗ, ಮೊದಲು ಎಫ್‌ಸಿ ಗೋವಾಕ್ಕೆ ಆಡಿ ಆಮೇಲೆ ಹೈದರಾಬಾದ್‌ಗೆ ಹೋದ. 2022ರ ಐಎಸ್‌ಎಲ್ ಫೈನಲ್ ಇದೇ ಫಟೋರ್ಡಾದಲ್ಲಿ ನಡೆಯಿತು, ಕೇರಳ ಬ್ಲಾಸ್ಟರ್ಸ್ ಎದುರು. 1-1 ಆಗಿ ಪೆನಾಲ್ಟಿಗೆ ಹೋಯಿತು. ಮೂರು ಪೆನಾಲ್ಟಿ ಉಳಿಸಿದ! ನಾನು ಕೀಪರ್ ಆಡ್ತಿದ್ದವನು, ಆ ರಾತ್ರಿ ನಿದ್ದೆ ಮಾಡಲಿಲ್ಲ.

ರಾಣೆಬೆನ್ನೂರು_ಮಿಡ್‌ಫೀಲ್ಡ್

ಫಟೋರ್ಡಾ ಅಂದರೆ ನನಗೆ 2023ರ ಮಾರ್ಚ್ 18 ನೆನಪು. ಫೈನಲ್, ಬೆಂಗಳೂರು ಮತ್ತು ಮೋಹನ್ ಬಗಾನ್. 2-2, ಪೆನಾಲ್ಟಿಯಲ್ಲಿ ಸೋತೆವು. ಆ ಮೈದಾನಕ್ಕೂ ನಮಗೂ ಆಗಿ ಬರಲ್ಲ. ಗೋವಾ ಮೇಲಿನ ಒಳ್ಳೆ ನೆನಪು ಅಂದರೆ 2019ರ ಫೈನಲ್. ನಮ್ಮ ಭೇಕೆ ಹೆಚ್ಚುವರಿ ಸಮಯದಲ್ಲಿ ಹೆಡರ್ ಹೊಡೆದು ಕಪ್ ತಂದುಕೊಟ್ಟ. ಅದು ನಡೆದಿದ್ದು ಮುಂಬೈಯಲ್ಲಿ.

ಸಪ್ತಾಪುರ_ರೆಡ್

ನನ್ನ ಭಾನುವಾರದ ಕಥೆಯನ್ನು ಯಾರೂ ಕೇಳಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಹೋದ ಸೋಮವಾರ ಕೋಚ್ ಟೆನ್ ಹಾಗ್‌ನನ್ನು ಮನೆಗೆ ಕಳಿಸಿತು. ಸದ್ಯಕ್ಕೆ ವ್ಯಾನ್ ನಿಸ್ಟಲ್‌ರಾಯ್. ನಮಗೆ 150 ಗೋಲು ಹೊಡೆದುಕೊಟ್ಟವನು, ನಾನು ಯುನೈಟೆಡ್ ಹಿಡಿದಿದ್ದೇ ಅವನಿಂದ. ಬುಧವಾರ ಲೆಸ್ಟರ್‌ಗೆ 5-2 ಹೊಡೆದರು. ಶುಕ್ರವಾರ, ರಾಜ್ಯೋತ್ಸವದ ದಿನ, ಹೊಸ ಕೋಚ್ ಆಗಿ ಅಮೋರಿಮ್ ಬರ್ತಾನೆ ಅಂತ ಪಕ್ಕಾ ಆಯಿತು. ಹಬ್ಬ ಅಂದರೆ ಇದು ಅಂದುಕೊಂಡೆ. ಭಾನುವಾರ ರಾತ್ರಿ ಹತ್ತಕ್ಕೆ ಚೆಲ್ಸಿ ಆಟ. ಬೆಳಿಗ್ಗೆ ಕ್ಲಾಸು ಇದ್ದರೂ ರೂಮಿನವರೆಲ್ಲ ಎಚ್ಚರ. ಬ್ರೂನೋ 70ನೇ ನಿಮಿಷಕ್ಕೆ ಪೆನಾಲ್ಟಿ ಹಾಕಿದ, ನಾವು ಕುಣಿದು ಮುಗಿಸೋದರೊಳಗೆ ಕೈಸೆಡೋ ಸಮ ಮಾಡಿದ. ನಾಲ್ಕೇ ನಿಮಿಷ! ಹತ್ತು ಆಟಕ್ಕೆ 12 ಅಂಕ, 13ನೇ ಸ್ಥಾನ.

ಆದರೂ ಒಂದು ಹೇಳ್ತೀನಿ. ನಾವು ಏಳು ಜನ ಒಂದೇ ರೂಮಿನಲ್ಲಿ, ಒಂದೇ ಲ್ಯಾಪ್‌ಟಾಪ್ ಎದುರು. ಮನೆಯಿಂದ ತಂದಿದ್ದ ಚಕ್ಕುಲಿ, ಅವಲಕ್ಕಿ ಚೂಡಾ, ಬೇಸನ್ ಉಂಡಿ ಎಲ್ಲಾ ನಡುವೆ ಸುರಿದುಕೊಂಡಿದ್ದೆವು. ಡ್ರಾ ಆದರೂ ಯಾರೂ ಬೇಸರದಲ್ಲಿ ಮಲಗಲಿಲ್ಲ. @ವಿದ್ಯಾನಗರ_ನೀಲಿ ಹೇಳಿದ್ದು ಸರಿ, ಜೊತೆಗೆ ನೋಡಬೇಕು.

ಗದಗ_ಲೆಗ್‌ಸ್ಪಿನ್

ನಿಮ್ಮ ದುಃಖ ಏನೂ ಅಲ್ಲ. ನಿನ್ನೆ ವಾಂಖೆಡೆಯಲ್ಲಿ ಏನಾಯಿತು ನೋಡಿದಿರಾ? 147 ರನ್ ಬೇಕಿತ್ತು, 121ಕ್ಕೆ ಆಲೌಟ್. ನ್ಯೂಜಿಲೆಂಡ್ 3-0. ನಮ್ಮ ನೆಲದಲ್ಲೇ ಮೂರಕ್ಕೆ ಮೂರು ಟೆಸ್ಟ್ ಸೋತೆವು. ಹಿಂದೆಂದೂ ಹೀಗಾಗಿರಲಿಲ್ಲ. ಪಂತ್ ಒಬ್ಬನೇ 64 ಹೊಡೆದ. ಎಡಗೈ ಸ್ಪಿನ್ನರ್ ಅಜಾಜ್ ಪಟೇಲ್ ಹನ್ನೊಂದು ವಿಕೆಟ್ ತಗೊಂಡು ಹೋದ.

ಬೆಟಗೇರಿ_ಕಾಪ್

ಇದು ಫುಟ್‌ಬಾಲ್ ಚರ್ಚೆ, ಆದರೂ ಗದಗಿನವರು ಅಂತ ಉತ್ತರ ಕೊಡ್ತೀನಿ. ಎಡಗೈ ಸ್ಪಿನ್ ಅಂದರೆ ನಮ್ಮ ಊರಿನ ಸುನಿಲ್ ಜೋಶಿ. ನೈರೋಬಿಯಲ್ಲಿ ಕೀನ್ಯಾ ಮೇಲೆ 6 ರನ್‌ಗೆ 5 ವಿಕೆಟ್.

ಗದಗ_ಲೆಗ್‌ಸ್ಪಿನ್

ಕೀನ್ಯಾ ಮೇಲೆ ಅಲ್ಲ ರೀ, ಕೀನ್ಯಾದಲ್ಲಿ. ಎದುರಾಳಿ ದಕ್ಷಿಣ ಆಫ್ರಿಕಾ. 1999. ಹತ್ತು ಓವರ್, ಆರು ಮೇಡನ್, 6 ರನ್, 5 ವಿಕೆಟ್. ಕೀನ್ಯಾ ಅಂದುಬಿಟ್ಟರೆ ಆ ಸಾಧನೆಯ ತೂಕ ಅರ್ಧ ಆಗುತ್ತೆ.

ಹಾನಗಲ್_ಹೋರಿ

ನಮ್ಮ ಹಾವೇರಿ ಕಡೆ ದೀಪಾವಳಿಗೆ ಟಿವಿ ಹಚ್ಚೋರೇ ಕಡಿಮೆ. ಪಾಡ್ಯದಿಂದ ಹೋರಿ ಹಬ್ಬ ಶುರು. ಕೊಬ್ಬರಿ ಹಾರ, ಬಲೂನು, ರಿಬ್ಬನ್ ಕಟ್ಟಿ ಹೋರಿ ಬಿಡ್ತಾರೆ. ಹಿಂದೆ ಓಡಿ ಕೊಬ್ಬರಿ ಹರಿದವನೇ ಗೆದ್ದ ಹಾಗೆ. ಹೋರಿ ಸಿಗದೆ ಪಾರಾದರೆ ಅದರ ಮಾಲೀಕನಿಗೆ ಹೆಮ್ಮೆ. ಒಂದೊಂದು ಹೋರಿಗೂ ಹೆಸರು, ಅಭಿಮಾನಿಗಳು, ಬ್ಯಾನರ್. ವರ್ಷಪೂರ್ತಿ ಹಿಂಡಿ, ಹುರುಳಿ ಹಾಕಿ ಮಗನ ಹಾಗೆ ಸಾಕಿರ್ತಾರೆ.

ನಾನು ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಊರಿನ ಅಭಿಮಾನಿಗಳು ಪಕ್ಕದ ಊರಿಗೆ ಟ್ರ್ಯಾಕ್ಟರ್ ಮಾಡಿಕೊಂಡು ಹೋಗ್ತಾರೆ ತಮ್ಮ ಹೋರಿ ಓಡೋದು ನೋಡೋಕೆ. ಯಾರೂ ಒಬ್ಬನೇ ಮೂಲೆಯಲ್ಲಿ ಕೂರಲ್ಲ. ಹುಬ್ಬಳ್ಳಿಯವರು ಒಂದು ಕ್ರೂಸರ್ ಮಾಡಿಕೊಂಡು ಮಡಗಾಂವಿಗೆ ಹೋಗೋಕೆ ಇಷ್ಟು ಚರ್ಚೆ ಯಾಕೆ ಬೇಕು?

ಅಕ್ಕಿಆಲೂರು_ಆಫ್‌ಸೈಡ್

ಹೋರಿ ಹಬ್ಬದಲ್ಲಿ ಪ್ರತಿ ವರ್ಷ ಜನ ಗಾಯ ಆಗ್ತಾರೆ, ಪ್ರಾಣವೂ ಹೋಗಿದೆ. ಅದನ್ನೂ ಹೇಳಿ. ಬೇಲಿ ಹಾಕಿ, ಆಂಬುಲೆನ್ಸ್ ಇಟ್ಟು ಮಾಡೋರ ಹಬ್ಬಕ್ಕೆ ಮಾತ್ರ ನಾನು ಹೋಗೋದು.

ಹಾನಗಲ್_ಹೋರಿ

ಒಪ್ಪಿದೆ. ನಮ್ಮ ಕಡೆ ಈ ಸಲ ಅಖಾಡದ ಎರಡೂ ಬದಿ ಗಳ ಕಟ್ಟಿದ್ದರು. ಹಾಗೆಯೇ ಮಾಡಬೇಕು.

ಅಶೋಕನಗರ_ಅವ್ವ

ನಾನು ಇಬ್ಬರು ಮಕ್ಕಳ ತಾಯಿ, ನನಗೂ ಫುಟ್‌ಬಾಲ್ ಹುಚ್ಚು. ಹಬ್ಬದ ದಿನ ಗಂಡಸರು ಒಳಗಿನ ಕೋಣೆಗೆ ಹೋಗಿ ಮೊಬೈಲ್ ನೋಡಬಹುದು. ನಮಗೆ ಅದೂ ಇಲ್ಲ. ಬಾಣಲೆ ಮುಂದೆ ನಿಂತು ಸ್ಕೋರ್ ಮಾತ್ರ ನೋಡಿದೆ. ಬೆಂಗಳೂರು 0-1, ಕಡುಬು. 0-2, ಕಡುಬು. ಆಮೇಲೆ ಫೋನ್ ಮುಚ್ಚಿಟ್ಟೆ. ಸೇರಿ ನೋಡೋದು ಅಂತ ಯಾರಾದರೂ ಏರ್ಪಾಡು ಮಾಡಿದರೆ ಹೆಣ್ಣುಮಕ್ಕಳು, ಮಕ್ಕಳು ಬರೋ ಹಾಗೆ ಮಾಡಿ. ಬಾರ್‌ನಲ್ಲಿ ಬೇಡ.

ಇನ್ನೊಂದು ವಿಷಯ. ನನ್ನ ಮಗನಿಗೆ ಹನ್ನೊಂದು ವರ್ಷ. ರಜೆಯಲ್ಲಿ ಆಡೋಕೆ ಹೋದರೆ ಬಡಾವಣೆಯ ಮೈದಾನದ ತುಂಬ ಪಟಾಕಿ ಅಂಗಡಿ. ಹಬ್ಬ ಮುಗಿದ ಮೇಲೆ ಮೊಳೆ, ತಂತಿ, ಗಾಜು ಅಲ್ಲೇ. ಮಕ್ಕಳು ಬರಿಗಾಲಿನಲ್ಲಿ ಆಡ್ತಾರೆ. ಯಾರಿಗೆ ಹೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ.

ರೈಲ್ವೆ_ಕಾಲೋನಿ_ಬ್ಯಾಕ್

ಈ ತಾಯಿ ಹೇಳಿದ್ದು ನೂರಕ್ಕೆ ನೂರು ನಿಜ. ತಂಡ ಇಲ್ಲ ತಂಡ ಇಲ್ಲ ಅಂತೀರಿ, ಮೊದಲು ನೆಲ ಬೇಕು. ಹುಬ್ಬಳ್ಳಿಯಲ್ಲಿ ಫುಟ್‌ಬಾಲ್ ಬೆಳೆದಿದ್ದೇ ರೈಲ್ವೆಯಿಂದ. ವರ್ಕ್‌ಶಾಪ್ ಪಾಳಿ ಮುಗಿಸಿ ಸೀದಾ ಮೈದಾನಕ್ಕೆ ಬರೋರು ನಮ್ಮ ಹಿರಿಯರು. ಗೋವಾದವರು, ತಮಿಳರು, ಆಂಗ್ಲೋ ಇಂಡಿಯನ್ನರು, ನಮ್ಮವರು, ಎಲ್ಲಾ ಸೇರಿ ಆಡ್ತಿದ್ದರು. 1986ರಲ್ಲಿ ಮರಡೋನಾ ಆಟ ನೋಡೋಕೆ ಕಾಲೋನಿಯಲ್ಲಿ ಟಿವಿ ಇದ್ದ ಮನೆ ಮುಂದೆ ಸರಿರಾತ್ರಿ ಚಾಪೆ ಹಾಸಿದ್ದೆವು. ಬೆಳಗಾದ ಮೇಲೆ ಎಲ್ಲರೂ ಎಡಗಾಲಿನಲ್ಲೇ ಒದೆಯೋಕೆ ಶುರು.

ನಮ್ಮ ರಾಜ್ಯಕ್ಕೆ ಚರಿತ್ರೆ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ರಾಜ್ಯ ತಂಡಗಳು ಆಡೋ ಸಂತೋಷ್ ಟ್ರೋಫಿಯನ್ನು ಮೈಸೂರು ಹೆಸರಿನಲ್ಲಿ ನಾಲ್ಕು ಸಲ ಗೆದ್ದಿದ್ದೇವೆ, ಕೊನೆಯದು 1968-69. ಆಮೇಲೆ 54 ವರ್ಷ ಕಾದು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2 ಸೋಲಿಸಿ ಗೆದ್ದರು. ಕರ್ನಾಟಕ ಅನ್ನೋ ಹೆಸರಿನಲ್ಲಿ ಅದೇ ಮೊದಲು. ಆ ದಿನ ಹುಬ್ಬಳ್ಳಿಯಲ್ಲಿ ಒಂದು ಪಟಾಕಿ ಹಾರಲಿಲ್ಲ. ನನಗೆ ಈಗಲೂ ಸಂಕಟ ಅದರ ಬಗ್ಗೆ. ಆರ್ಸೆನಲ್ ಸೋತರೆ ಊಟ ಬಿಡೋ ಹುಡುಗರಿಗೆ ನಮ್ಮ ರಾಜ್ಯ ಗೆದ್ದಿದ್ದೇ ಗೊತ್ತಿರಲಿಲ್ಲ.

ಸಾಧನಕೇರಿ_ಗನ್ನರ್

ಕಾಕಾ, ನಮಗೆ ತೋರಿಸಿದವರು ಯಾರು? ಆರ್ಸೆನಲ್ ಆಟ ಪ್ರತಿ ವಾರ ಟಿವಿಯಲ್ಲಿ ಬರುತ್ತೆ. ಸಂತೋಷ್ ಟ್ರೋಫಿ ಎಲ್ಲಿ ಬರುತ್ತೆ ಅಂತ ಹುಡುಕಬೇಕು. ಹುಡುಗರ ಮೇಲೆ ಪೂರ್ತಿ ಹಾಕಬೇಡಿ.

ರೈಲ್ವೆ_ಕಾಲೋನಿ_ಬ್ಯಾಕ್

ಹುಡುಕಬೇಕು ಅಂತಲೇ ನಾನು ಹೇಳ್ತಿರೋದು. ಇಸಾಕ್ ಎಷ್ಟನೇ ನಿಮಿಷಕ್ಕೆ ಹೊಡೆದ ಅಂತ ಬಾಯಲ್ಲೇ ಹೇಳ್ತೀರಿ. ಅಷ್ಟು ಶ್ರದ್ಧೆಯಲ್ಲಿ ಸ್ವಲ್ಪ ಈ ಕಡೆಗೂ ಇರಲಿ.

ಗೌಳಿಗಲ್ಲಿ_ವಿಂಗರ್

ಚರ್ಚೆ ಗಂಭೀರ ಆಯಿತು, ನಮ್ಮ ಓಣಿಯ ಸುದ್ದಿ ಕೇಳಿ. ಪಾಡ್ಯಕ್ಕೆ ನಮ್ಮಲ್ಲಿ ಎಮ್ಮೆಗಳ ಮೆರವಣಿಗೆ. ಕೋಡಿಗೆ ಬಣ್ಣ, ನವಿಲುಗರಿ, ಕಾಲಿಗೆ ಗೆಜ್ಜೆ. ನಮ್ಮ ದೊಡ್ಡಪ್ಪನ ಮಗ ಒಂದು ಎಮ್ಮೆಯ ಬೆನ್ನ ಮೇಲೆ ಸುನಿಲ್ ಛೆಟ್ರಿಯ 11 ನಂಬರ್ ಬರೆದಿದ್ದ, ನೀಲಿ ಬಣ್ಣದಲ್ಲಿ. ಎಲ್ಲರೂ ನಿಂತು ಫೋಟೊ ತೆಗೆದರು. ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ಆಟ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದ್ದಾನೆ, 94 ಗೋಲು. ಬೆಂಗಳೂರಿಗೆ ಆಡೋದನ್ನು ನೋಡೋಕೆ ಇನ್ನು ಎಷ್ಟು ದಿನ ಸಿಗುತ್ತೆ ಹೇಳಿ. ಕಂಠೀರವಕ್ಕೆ ಹೋಗೋಣ ಅಂತ ನಮ್ಮ ಓಣಿ ಹುಡುಗರು ತೀರ್ಮಾನ ಮಾಡಿದ್ದಾರೆ.

ವಿದ್ಯಾನಗರ_ನೀಲಿ

@ಗೌಳಿಗಲ್ಲಿ_ವಿಂಗರ್ ಶುಕ್ರವಾರ 8ಕ್ಕೆ ಕಂಠೀರವದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಆಟ ಇದೆ, ಸಂಜೆ ಏಳೂವರೆಗೆ. ಈ ಸಲ ಡುರಾಂಡ್ ಕಪ್ ಗೆದ್ದ ತಂಡ ಅದು. ಅವರ ಅಜರಾಯಿ ಭಾರಿ ಫಾರ್ಮ್‌ನಲ್ಲಿದ್ದಾನೆ. ಸುಲಭ ಅಲ್ಲ. ಹೋಗೋದಾದರೆ ನಾನೂ ಬರ್ತೀನಿ. ವಂದೇ ಭಾರತ್‌ನಲ್ಲಿ ಮಧ್ಯಾಹ್ನ ಹೊರಟರೆ ಆಗುತ್ತಾ?

ಕೇಶ್ವಾಪುರ_11

ಆಗಲ್ಲ. ಧಾರವಾಡದಿಂದ ಮಧ್ಯಾಹ್ನ ಹೊರಟು ಬೆಂಗಳೂರು ಮುಟ್ಟೋ ಹೊತ್ತಿಗೆ ಏಳೂವರೆ ದಾಟಿರುತ್ತೆ. ನಿಲ್ದಾಣದಿಂದ ಕಂಠೀರವ ತಲುಪೋದರಲ್ಲಿ ಮೊದಲರ್ಧ ಹೋಗುತ್ತೆ. ಗುರುವಾರ ರಾತ್ರಿ ರಾಣಿ ಚೆನ್ನಮ್ಮ ರೈಲು ಹಿಡಿಯಿರಿ, ಶುಕ್ರವಾರ ರಾತ್ರಿಯೇ ವಾಪಸ್ ಬರಬೇಕು ಅಂದರೆ ಬಸ್ಸು.

ರಾಣೆಬೆನ್ನೂರು_ಮಿಡ್‌ಫೀಲ್ಡ್

ರಾಣಿ ಚೆನ್ನಮ್ಮ ನಮ್ಮ ಊರಿಗೂ ಬರುತ್ತೆ, ನಾನು ಇಲ್ಲಿಂದ ಹತ್ತುತ್ತೀನಿ. ಯಾವ ಬೋಗಿ ಅಂತ ತಿಳಿಸಿ. ಹಬ್ಬದ ನಂತರದ ವಾರ, ಸೀಟು ಸಿಗೋದು ಕಷ್ಟ, ಇವತ್ತೇ ನೋಡಿ.

ಅಶೋಕನಗರ_ಅವ್ವ

ಬೆಂಗಳೂರಿಗೆ ನನಗೆ ಬರೋಕೆ ಆಗಲ್ಲ. ಭಾನುವಾರ 10ಕ್ಕೆ ಚೆಲ್ಸಿ-ಆರ್ಸೆನಲ್ ಆಟ ರಾತ್ರಿ ಹತ್ತಕ್ಕೆ. ನಮ್ಮ ಮನೆಯ ಮೇಲಿನ ಹಾಲ್ ಖಾಲಿ ಇದೆ, ದೊಡ್ಡ ಟಿವಿ ಇದೆ. ಇಪ್ಪತ್ತು ಜನ ಆರಾಮಾಗಿ ಕೂರಬಹುದು. ಬರೋರು ಹೆಸರು ಹೇಳಿ, ವಿಳಾಸ ಬೇರೆಯಾಗಿ ಕಳಿಸ್ತೀನಿ. ಗಿರ್ಮಿಟ್ ನನ್ನದು, ಮಿರ್ಚಿ ಯಾರಾದರೂ ತನ್ನಿ. ಅದಕ್ಕೂ ಮೊದಲು ಸಂಜೆ ಐದಕ್ಕೆ ಮಕ್ಕಳ ಮೈದಾನದಲ್ಲಿ ಮೊಳೆ, ಗಾಜು ಆರಿಸೋಣ. ಚೀಲ, ಕೈಗವಸು ನಾನು ಇಡ್ತೀನಿ.

ಸಾಧನಕೇರಿ_ಗನ್ನರ್

ನಾನು ಮತ್ತು ತಮ್ಮ ಬರ್ತೀವಿ. ಐದಕ್ಕೇ ಬರ್ತೀವಿ. ಧಾರವಾಡದಿಂದ ಫೇಡೆ ನಮ್ಮ ಕಡೆಯಿಂದ.

ಸಪ್ತಾಪುರ_ರೆಡ್

ಯುನೈಟೆಡ್‌ನವರಿಗೆ ಪ್ರವೇಶ ಇದೆಯಾ? ರೂಮಿನಿಂದ ನಾಲ್ಕು ಜನ. ವಾಪಸ್ ಧಾರವಾಡಕ್ಕೆ ರಾತ್ರಿ ಹನ್ನೆರಡರ ಮೇಲೆ ಗಾಡಿ ಬೇಕು.

ನವಲಗುಂದ_ಹೊಲ

ನನ್ನ ಬೊಲೆರೊ ತರ್ತೀನಿ. ಧಾರವಾಡದವರನ್ನು ನಾನೇ ಬಿಟ್ಟು ಹೋಗ್ತೀನಿ.

ರೈಲ್ವೆ_ಕಾಲೋನಿ_ಬ್ಯಾಕ್

ನಾನು ಐದಕ್ಕೆ ಬರ್ತೀನಿ, ಚೆಂಡು ತರ್ತೀನಿ. ಗಾಜು ಆರಿಸಿದ ಮೇಲೆ ಕತ್ತಲಾಗೋವರೆಗೆ ಆ ಹುಡುಗನ ಜೊತೆ ಆಡೋಣ. ರಾತ್ರಿಯ ಆಟಕ್ಕೆ ಎಚ್ಚರ ಇರೋಕೆ ಆದರೆ ಇರ್ತೀನಿ.